ಕಳುವಿನ ಕೌದಿ

ಭಾಲ್ಕಿಯ ನಮ್ಮ ಓಣಿಯಲ್ಲಿ ಬಸುರಾದ ಹೆಣ್ಣುಮಗಳು ಕಳ್ಳಿಯೂ ಆಗಬೇಕಿತ್ತು. ಬೇರೆ ಕಡೆ ಬಸುರಿಗೆ ಹುಣಸೆಕಾಯಿ ತಿನ್ನಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಅದೆಲ್ಲದರ ಜೊತೆಗೆ, "ಹೋಗವ್ವಾ, ಮಂದಿ ಮನಿ ಅರಿಬಿ ಕದ್ಕೊಂಡ್ ಬಾ" ಅಂತ ಕಳಿಸುತ್ತಿದ್ದರು. ಹಾಗೆ ಕಳಿಸಿದವರು ಯಾರೋ ಅಲ್ಲ, ನನ್ನ ಅತ್ತೆ. ಲಿಂಗಪೂಜೆಯಾಗದೆ ಬಾಯಿಗೆ ಗುಟುಕು ನೀರು ಹಾಕದ ಹೆಂಗಸು. ಪರರ ಹೊಲದಲ್ಲಿ ಒಂದು ಕಡಲೆಗಿಡ ಕಿತ್ತರೂ ಪಾಪ ಅನ್ನುವವರು.

ಕೌದಿ ಅಂದರೆ ನಮ್ಮ ಕಡೆಯ ಹೊದಿಕೆ. ಹಳೆಯ ಧೋತರ ಕೆಳಗೆ ಹಾಸಿ, ನಡುವೆ ಹರಿದ ಸೀರೆ ಮಡಚಿಟ್ಟು, ಮೇಲೆ ಬಣ್ಣಬಣ್ಣದ ತೇಪೆ ಜೋಡಿಸಿ, ದೊಡ್ಡ ಸೂಜಿಯಲ್ಲಿ ಅಂಚಿನಿಂದ ನಡುವಿನವರೆಗೆ ಸಾಲು ಹೊಲಿಗೆ ಹಾಕುತ್ತ ಬರುವುದು. ಮನೆಮಂದಿಗೆ ಹೊಲಿಯುವ ಕೌದಿಗೆ ಯಾವ ನೇಮವೂ ಇಲ್ಲ. ಹುಟ್ಟಲಿರುವ ಕೂಸಿನ ಕೌದಿಗೆ ಮಾತ್ರ ಮೇಲಿನ ತೇಪೆಗಳು ಐದು ಮನೆಯವಾಗಿರಬೇಕು, ಆ ಐದೂ ಮನೆಗಳಲ್ಲಿ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದಿರಬೇಕು. ಕೇಳಿ ತಂದರೆ ಭಿಕ್ಷೆ, ಕೊಂಡು ತಂದರೆ ವ್ಯಾಪಾರ. ಬಸುರಿ ತಾನೇ ಹೋಗಿ ಹಾಡಹಗಲೇ ಕದ್ದು ತಂದದ್ದಷ್ಟೇ ಕೂಸಿಗೆ ದಕ್ಕುತ್ತದೆ ಅಂತ ನಂಬಿಕೆ.

ಕದ್ದರೆ ಮುಗಿಯಲಿಲ್ಲ. ಬಟ್ಟೆ ಕಳೆದುಕೊಂಡವಳು ಓಣಿಯ ನಡುವೆ ನಿಂತು ಕಳ್ಳಿಯನ್ನು ಬೈಯಬೇಕು. ಬೈಗುಳ ಬಿದ್ದಷ್ಟೂ ಕೂಸಿಗೆ ತಾಗಿದ ದೃಷ್ಟಿ ಇಳಿಯುತ್ತದೆ. ಕೈ ಬೈಯಬಹುದು, ಕಾಲು ಬೈಯಬಹುದು, ತವರು, ಅಡುಗೆ, ಗಂಡನ ಗೊರಕೆ ಏನನ್ನಾದರೂ ಬೈಯಬಹುದು. ಹೊಟ್ಟೆಯ ಸುದ್ದಿಗೆ ಮಾತ್ರ ಹೋಗಬಾರದು. ಸಾಕಷ್ಟು ಬೈದಾದ ಮೇಲೆ ಕದ್ದವರ ಮನೆಯ ಹಿರಿಯಳು ಬಾಗಿಲಿಗೆ ಬಂದು, "ನಮ್ಮನ್ಯಾಗ ಕಳ್ಳರಿಲ್ಲ" ಅಂತ ಒಂದು ಮಾತು ತಿರುಗಿಸಬೇಕು. ಅಲ್ಲಿಗೆ ಆ ಮನೆಯ ತೇಪೆ ಲೆಕ್ಕಕ್ಕೆ ಬಂತು. ಬೈಯುವವರಿಲ್ಲದಿದ್ದರೆ ಅದು ಕಳುವೇ ಅಲ್ಲ, ಉತ್ತರ ಬರದಿದ್ದರೆ ಆ ಬಟ್ಟೆ ಕೌದಿಗೆ ಸೇರುವ ಹಾಗಿಲ್ಲ.

ನನ್ನ ತವರು ಔರಾದ್ ಕಡೆ. ಅಲ್ಲಿ ಈ ಪದ್ಧತಿ ಇರಲಿಲ್ಲ. ಏಳನೇ ಇಯತ್ತೆ ಓದಿ, ಸಾಲಿಯಲ್ಲಿ ಕಸೂತಿ ಕಲಿತು ಬಂದ ನನಗೆ ಕೂಸಿಗೆ ಚೆಂದದ ಕುಲಾವಿ ಹೊಲಿಯುವ ಆಸೆ. ಒಂದು ದಿನ ಅತ್ತೆಯ ಕಣ್ಣು ತಪ್ಪಿಸಿ ಮೂಲೆಯಲ್ಲಿ ಬಟ್ಟೆ ಕತ್ತರಿಸುತ್ತ ಕುಳಿತಿದ್ದೆ. ಅತ್ತೆ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕತ್ತರಿ ಕಸಿದುಕೊಂಡರು.

"ಕೂಸು ಹುಟ್ಟೂ ಮುಂಚೆ ಕುಲಾವಿ ಹೊಲಿಸ್ದಂಗ ಅಂತ ಊರೆಲ್ಲ ಗಾದಿ ಹೇಳ್ತದ. ನೀ ಖರೇನೇ ಹೊಲೀಲತ್ತಿ!"

"ಹಂಗಾದ್ರ ಕೌದಿ ಯಾಕ ಹೊಲೀಬೇಕ್ರಿ, ಅತ್ತಿ? ಅದೂ ಕೂಸಿಗೇ ಅಲ್ರೀ?"

"ಕೌದಿ ಬ್ಯಾರೆ. ಕುಲಾವಿ ಕೂಸಿನ ತಲಿಗಷ್ಟೇ ಬರ್ತದ. ಕೌದಿ ಆದ್ರ ಕೂಸು ಇಲ್ಲಂದ್ರೂ ದೊಡ್ಡೋರು ಹೊದ್ಕೋತಾರ."

ಅಂದವರೇ ತುಟಿ ಕಚ್ಚಿಕೊಂಡರು. ಹೋದ ವರ್ಷದ ನನ್ನ ಬಸಿರು ನಿಂತಿರಲಿಲ್ಲ. ಆಗ ರಾತ್ರಿಯೆಲ್ಲ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತವರು ಇದೇ ಅತ್ತೆ. ಅದಕ್ಕೇ ಈ ಸಲ ಅವರು ಯಾವ ನೇಮವನ್ನೂ ಬಿಡಲು ತಯಾರಿರಲಿಲ್ಲ, ನಾನೂ ಮೇಲೆ ನಕ್ಕರೂ ಒಳಗೆ ಹೆದರಿ ಸಾಯುತ್ತಿದ್ದೆ. ಓದಿದವಳು ಅಂತ ಜಂಬ ಇತ್ತು ನಿಜ, ಆದರೆ ಹೊಟ್ಟೆಯೊಳಗೆ ಕೂಸು ಮಿಸುಕಿದಾಗ ಓದು ಎಲ್ಲಿಗೆ ಹೋಗುತ್ತಿತ್ತೋ ನನಗೇ ತಿಳಿಯುತ್ತಿರಲಿಲ್ಲ.

ಮೊದಲ ಕಳುವು ಪಕ್ಕದ ಮನೆಯಲ್ಲಿ. ಆ ಮನೆ ತುಂಬ ಮಕ್ಕಳು, ಒಬ್ಬರಿಗೂ ಒಂದು ದಿನ ನೆಗಡಿಯೂ ಬಂದಿರಲಿಲ್ಲ. ನನಗೆ ಐದು ತಿಂಗಳು ತುಂಬಿದ್ದು ಗೊತ್ತಾದ ಕೂಡಲೇ ಆ ಮನೆಯಾಕೆ ಹಳೆಯ ಕೆಂಪು ಸೀರೆಯೊಂದನ್ನು ಹಿತ್ತಲಿನ ಹಗ್ಗದ ಮೇಲೆ ಹಾಕಿಟ್ಟಿದ್ದಳು. ನಾನು ಹೋಗಿ ಕೈ ಚಾಚಿದೆ, ಸಿಗಲಿಲ್ಲ. ತುದಿಗಾಲಲ್ಲಿ ನಿಂತೆ, ಆಗಲೂ ಸಿಗಲಿಲ್ಲ. ಒಳಗಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದವಳು ತಡೆಯಲಾಗದೆ ಹೊರಗೆ ಬಂದು, ನನ್ನ ಕಡೆ ನೋಡದಂತೆ ನೋಡುತ್ತ ಮಣೆಯೊಂದನ್ನು ಹಗ್ಗದ ಕೆಳಗೆ ಇಟ್ಟು ಒಳಗೆ ಹೋದಳು. ನಾನು ಮಣೆ ಹತ್ತುವುದರೊಳಗೇ ಅವಳಿಗೆ ಅವಸರವಾಗಿ ಬೈಗುಳ ಶುರುವಾಯಿತು.

"ಯಾವಾಕಿಯವ್ವಾ ನನ್ ಸೀರಿ ಕದ್ದಾಕಿ! ಆಕಿ ಬಡದ ರೊಟ್ಟಿ ಹಂಚಿಗೇ ಹತ್ಕೊಳ್ಳಲಿ!"

"ಇನ್ನಾ ಕದ್ದಿಲ್ರೀ, ಅಕ್ಕಾ," ಅಂದೆ ನಾನು ಮಣೆಯ ಮೇಲಿನಿಂದ.

"ಲಗೂ ಕದಿಯವ್ವಾ, ನನ್ ಒಲಿ ಮ್ಯಾಲ ಬ್ಯಾಳಿ ಅದ."

ಎರಡನೆಯದು ಸಾಲಿ ಮಾಸ್ತರರ ಮನೆ. ಹೊರಕೋಣೆಯಲ್ಲಿ ಬುದ್ಧನ ಪಟ ಹಾಕಿಕೊಂಡ, ಓದು ಬರಹ ಬಲ್ಲ ಮನೆ. ಮಾಸ್ತರರ ಹೆಂಡತಿ ನನ್ನನ್ನು ನಲ್ಲಿಯ ಹತ್ತಿರ ನಿಲ್ಲಿಸಿ, "ನಮ್ಮನ್ಯಾಗ ಇವೆಲ್ಲ ನಂಬೂದಿಲ್ಲಮ್ಮಾ" ಅಂದರು. ಸರಿ ಅಂತ ನಾನು ಹೊರಟೆ. "ಆದ್ರ ನಿನ್ನಿನಿಂದ ಸೀರಿ ಹೊರಗ ಹಾಕೀನಿ" ಅಂತ ಸೇರಿಸಿದರು. ಕದ್ದೆ. ಬೈಯುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತು, "ಇನ್ನೊಬ್ಬರ ವಸ್ತು ತಗೊಳ್ಳೋದು ಒಳ್ಳೇದಲ್ಲ" ಅಂದು ಒಳಗೆ ನಡೆದರು.

ನನ್ನ ಅತ್ತೆಗೆ ಇದು ಸರಿಬರಲಿಲ್ಲ. ನಮ್ಮ ಕಟ್ಟೆಯ ಮೇಲೆ ಉತ್ತರ ತಯಾರು ಮಾಡಿಕೊಂಡು ನಿಂತವರು, ಇಷ್ಟು ಸಣ್ಣ ಮಾತಿಗೆ ಉತ್ತರ ಕೊಡುವುದು ಹ್ಯಾಂಗ ಅಂತ ಸೀದಾ ಅವರ ಮನೆಗೇ ಹೋದರು. "ಏನ್ರೀ ಬಾಯಿ, ಇದೇನ್ ಬೈಗುಳ? ಉಪ್ಪಿಲ್ಲ, ಖಾರಿಲ್ಲ. ನನ್ ಮೊಮ್ಮಗನ ದೃಷ್ಟಿ ಇಳೀಬೇಕೋ ಬ್ಯಾಡೋ?" ಮಾಸ್ತರರ ಹೆಂಡತಿ ನಾಚಿಕೊಂಡು ನನಗೆ ಬರೂದಿಲ್ರಿ ಅಂದರು. ಅತ್ತೆ ಅಲ್ಲೇ ಕುಳಿತು ಕೈ, ಕಾಲು, ತವರು ಅಂತ ಸಾಲುಸಾಲಾಗಿ ಹೇಳಿಕೊಟ್ಟರು. ಸಂಜೆ ಆಕೆ ಮತ್ತೆ ಬಾಗಿಲಿಗೆ ಬಂದು, ಪಾಠ ಒಪ್ಪಿಸುವ ಧಾಟಿಯಲ್ಲಿ ಒಂದೂ ಬಿಡದೆ ಬೈದರು. ಒಳಗೆ ಮಾಸ್ತರರು ಬಿದ್ದು ಬಿದ್ದು ನಗುವುದು ಓಣಿಗೆಲ್ಲ ಕೇಳುತ್ತಿತ್ತು.

ಹೀಗೇ ನಗುತ್ತ ಬೈಸಿಕೊಳ್ಳುತ್ತ ನಾಲ್ಕು ಮನೆಯಾದವು. ಅಷ್ಟರಲ್ಲಿ ಓಣಿಯೇ ಖಾಲಿಯಾಗತೊಡಗಿತ್ತು.

ಎರಡನೇ ವರ್ಷವೂ ಮಳೆ ಕೈಕೊಟ್ಟಿತ್ತು. ನಲ್ಲಿ ಇತ್ತು, ನೀರಿರಲಿಲ್ಲ. ಕೊಡ ಹೊತ್ತು ಊರಾಚೆಯ ಬಾವಿಗೆ ಹೋಗಬೇಕು, ಅಲ್ಲಿ ತಳದ ಕೆಸರಿನಿಂದ ಬಟ್ಟಲಲ್ಲಿ ಬಸಿದು ತುಂಬಿಕೊಳ್ಳಬೇಕು. ಕೆಲವರು ಹೈದ್ರಾಬಾದಿಗೆ ಕಟ್ಟಡದ ಕೆಲಸಕ್ಕೆ, ಕೆಲವರು ಪುಣೆಯ ಕಡೆ ಕಬ್ಬು ಕಡಿಯಲು ಗುಳೆ ಹೋಗುತ್ತಿದ್ದರು. ವಾರಕ್ಕೆ ಒಂದೋ ಎರಡೋ ಬಾಗಿಲಿಗೆ ಕೀಲಿ ಬೀಳುತ್ತಿತ್ತು. ನಮ್ಮನೆಯವರು ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿಯೊಂದರಲ್ಲಿ ಬರೆಯುವ ಕೆಲಸಕ್ಕಿದ್ದರು. ಗಂಜಿಗೆ ಮಾಲು ಬಂದರೆ ತಾನೇ ಬರೆಯುವುದು? ಮೊದಲೆಲ್ಲ ಅವರು ಊರಿಗೆ ಬರುವಾಗ ಚೀಲದ ಬಾಯಿ ಬಿಚ್ಚಿದ ದಾರವನ್ನು ಉಂಡೆ ಸುತ್ತಿ ನನಗೆ ತರುತ್ತಿದ್ದರು. ಕೌದಿಗೆ ಅದಕ್ಕಿಂತ ಗಟ್ಟಿ ದಾರ ಇಲ್ಲ. ಈಗ ಚೀಲವೇ ಬರುತ್ತಿರಲಿಲ್ಲವಾದ್ದರಿಂದ ದಾರವೂ ಇಲ್ಲ, ಹಳೆಯ ಸೀರೆಯ ಅಂಚಿನ ಎಳೆ ಕಿತ್ತು ಸೂಜಿಗೆ ಪೋಣಿಸುತ್ತಿದ್ದೆ. ಬರಗಾಲ ನನ್ನ ಸೂಜಿಯ ಕಣ್ಣಿನವರೆಗೂ ಬಂದಿತ್ತು.

ಐದನೆಯ ಮನೆ ಅಂತ ಅತ್ತೆ ಆರಿಸಿಟ್ಟದ್ದು ಬೇವಿನಗಿಡದ ಹತ್ತಿರದ ಮನೆ. ಅಲ್ಲಿ ಮಕ್ಕಳು ಎಷ್ಟಿದ್ದರೆಂದು ಹೆತ್ತವಳಿಗೂ ಒಮ್ಮೊಮ್ಮೆ ಮರೆಯುತ್ತಿತ್ತು. ನಾನು ಕದಿಯಲು ಹೋದ ಮುಂಜಾನೆ ಆ ಬಾಗಿಲಿಗೂ ಕೀಲಿ. ಹಿಂದಿನ ದಿನವೇ ಲಾರಿ ಹತ್ತಿ ಹೋಗಿದ್ದರು. ಹೋಗುವ ಗಡಿಬಿಡಿಯಲ್ಲೂ ಆ ತಾಯಿ ನನಗಾಗಿ ಒಂದು ಸೀರೆಯ ತುಂಡನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಹೋಗಿದ್ದಳು. ಬಿಚ್ಚಿಕೊಂಡು ಬಂದು ಅತ್ತೆಗೆ ತೋರಿಸಿದೆ.

"ಬೈಯೋರ್ಯಾರು?" ಅಂದರು.

"ತಿರುಗಿ ಬಂದ್ ಮ್ಯಾಲ ಬೈತಾರ್ರಿ."

"ಅಷ್ಟೊತ್ತಿಗೆ ನಿನ್ ಕೂಸೇ ಎದ್ದು ಹೋಗಿ ಬೈಸ್ಕೊಂಡ್ ಬರ್ತದ. ಬೈಯೋರಿಲ್ಲದ್ದು ಕಳುವಲ್ಲವ್ವಾ, ಕಸ ಆರಿಸ್ದಂಗ."

ಅಮಾವಾಸ್ಯೆಗೆ ಗಂಜ ಬಂದ್. ಆ ದಿನ ಬಂದ ನಮ್ಮನೆಯವರಿಗೆ ಅತ್ತೆ ತಮ್ಮ ಚಿಂತೆ ಹೇಳಿಕೊಂಡಿದ್ದಾರೆ. ಮುಂದಿನ ಸಲ ಅವರು ದೊಡ್ಡ ಸಾಹಸ ಮಾಡಿದವರಂತೆ ಒಂದು ಕೆಂಪು ರುಮಾಲು ತಂದು ಅತ್ತೆಯ ಮುಂದೆ ಹಾಕಿದರು. ಗಂಜಿನ ಹಮಾಲನೊಬ್ಬನ ತಲೆಯ ರುಮಾಲು. ಅವನ ಮಕ್ಕಳೆಲ್ಲ ಗಟ್ಟಿಯಾಗಿದ್ದಾರಂತೆ, ಅವನು ಗಂಜಿನ ತುಂಬ ಇವರನ್ನು ಅಟ್ಟಿಸಿಕೊಂಡು ಓಡಾಡಿ ಬೈದನಂತೆ.

"ಏನಂತ ಬೈದ?" ಅತ್ತೆ ಆಸೆಯಿಂದ ಕೇಳಿದರು.

"ಹಿಂದಿಯೊಳಗ ಬೈದ. ಭಾಳ ಬೈದ."

ಭಾಷೆಯ ಬಗ್ಗೆ ಅತ್ತೆಗೆ ತಕರಾರಿರಲಿಲ್ಲ. "ಕದಿಯೋದು ಬಸುರಿ ಕದೀಬೇಕಪ್ಪಾ. ನೀ ಏನ್ ಬಸುರಿಯೇನು? ಮದ್ಲು ಹೋಗಿ ಆ ಬಡವನ ರುಮಾಲು ಕೊಟ್ಟು ಬಾ" ಅಂದರು. ನಮ್ಮನೆಯವರು ರುಮಾಲು ಮಡಚಿ ಚೀಲದಲ್ಲಿಟ್ಟುಕೊಂಡರು. ವಾಪಸು ಕೊಡಲು ಹೋದಾಗ ಎರಡನೇ ಸಲ ಬೈಸಿಕೊಂಡರೆಂದು ಆಮೇಲೆ ತಿಳಿಯಿತು.

ಇಷ್ಟೆಲ್ಲ ಪಾಡುಪಡುತ್ತಿದ್ದ ನಮ್ಮ ಕಣ್ಣೆದುರೇ ಒಂದು ಸೀರೆ ತೂಗುತ್ತಿತ್ತು. ಅದನ್ನು ನಾವು ಯಾರೂ ನೋಡುತ್ತಿರಲಿಲ್ಲ.

ಅದು ಮೂಲೆಮನೆಯ ಚಿಗವ್ವನ ಸೀರೆ. ಚಿಗವ್ವ ನನಗೆ ಸಂಬಂಧದಿಂದ ಏನೂ ಆಗಬೇಕಾಗಿರಲಿಲ್ಲ, ಓಣಿಯ ಕಿರಿಯರೆಲ್ಲ ಹಾಗೇ ಕರೆಯುತ್ತಿದ್ದೆವು. ಬಾಯಿ ಅಂದರೆ ಆಕೆಯದು. ನಲ್ಲಿಗೆ ನೀರು ಬರುತ್ತಿದ್ದ ಕಾಲದಲ್ಲಿ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತರೆ ಸಾಲು ತಾನಾಗಿ ನೆಟ್ಟಗಾಗುತ್ತಿತ್ತು. ಪರರ ಎಮ್ಮೆ ಆಕೆಯ ಹಿತ್ತಲಿಗೆ ನುಗ್ಗಿದರೆ ಎಮ್ಮೆಯನ್ನು, ಎಮ್ಮೆಯ ಧಣಿಯನ್ನು, ಎಮ್ಮೆ ಮಾರಿದ ಸಂತೆಯನ್ನು ಬೈಯುತ್ತಿದ್ದಳು. ಒಂದು ಮಾತು ಎರಡು ಸಲ ಬರುತ್ತಿರಲಿಲ್ಲ. ಆದರೆ ಆಕೆ ಹಡೆದದ್ದು ಒಂದೂ ಉಳಿದು ಕೈಗೆ ಹತ್ತಿರಲಿಲ್ಲ. ಅದಕ್ಕೇ ಓಣಿಯಲ್ಲಿ ಯಾರು ಬಸುರಾದರೂ ಆಕೆಯ ಮನೆಯಿಂದ ಕದಿಯುತ್ತಿರಲಿಲ್ಲ. ಬೈಯುವುದಕ್ಕೆ ಅಷ್ಟು ದೊಡ್ಡ ಬಾಯಿ ಇದ್ದವಳಿಗೆ ಕೌದಿಯ ಬೈಗುಳ ಒಂದು ಸಲವೂ ಬೈಯಲು ಸಿಕ್ಕಿರಲಿಲ್ಲ.

ಹಾಗಂತ ಆಕೆ ಸೀರೆ ಹಾಕುವುದನ್ನು ಬಿಟ್ಟಿರಲಿಲ್ಲ. ಯಾರಿಗೆ ಐದು ತುಂಬಿದರೂ ತನ್ನ ಹಸಿರು ಸೀರೆ ತೆಗೆದು ಹೊರಗೆ ಹಾಕುತ್ತಿದ್ದಳು, ಕೂಸು ಹುಟ್ಟಿದ ಮೇಲೆ ಮಡಚಿ ಒಳಗಿಡುತ್ತಿದ್ದಳು. ಅದು ಆಕೆಗೆ ತವರಿನವರು ಮೊದಲ ಬಸಿರಿನ ಕುಬಸಕ್ಕೆ ಉಡಿಸಿದ ಸೀರೆ ಅಂತ ನನಗೆ ಹೇಳಿದವರು ಅತ್ತೆಯೇ. ಅತ್ತೆ ಮತ್ತು ಚಿಗವ್ವ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಖಾರ ಕುಟ್ಟುವುದು, ಹಪ್ಪಳ ಹಾಕುವುದು, ನೀರಿಗೆ ಹೋಗುವುದು ಎಲ್ಲ ಜೋಡಿಯಾಗಿ. ಈ ಒಂದು ವಿಷಯದಲ್ಲಿ ಮಾತ್ರ ಅತ್ತೆ ಆಕೆಯ ಗೋಡೆಯ ಕಡೆ ನೋಡುತ್ತಿರಲಿಲ್ಲ. ಚಿಗವ್ವನೂ ಕೇಳುತ್ತಿರಲಿಲ್ಲ, ಕೇಳುವ ಹಾಗೆ ಇರಲೂ ಇಲ್ಲ.

ಆಕೆಯ ಗಂಡ ಹೈದ್ರಾಬಾದಿಗೆ ಮುಂಚೆಯೇ ಹೋಗಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಾ, ಬಾ ಅಂತ ಹೇಳಿಕಳಿಸುತ್ತಿದ್ದ. ಚಿಗವ್ವ ಹೋಗುತ್ತಿರಲಿಲ್ಲ. ಕೋಳಿ ಕಾವಿಗೆ ಕುಂತದ ಅಂದಳು. ಮರಿ ಹೊರಬಂದವು. ಮರಿ ಸಣ್ಣವದಾವ ಅಂದಳು. ಮರಿ ಬಲಿತು ಓಣಿಯ ಕಸ ಕೆದರಲು ಶುರುಮಾಡಿದವು. ಆಗ ತನಗೆ ಸೊಂಟನೋವು ಅಂದಳು, ಅಂದ ದಿನವೇ ಎರಡು ಕೊಡ ಹೊತ್ತು ಬಂದಳು. ಕುಡಿಯಲು ನೀರಿಲ್ಲದ ಊರಲ್ಲಿ ಈಕೆ ಯಾಕೆ ಕುಂತಾಳೆ ಅಂತ ಮಂದಿ ನಗುತ್ತಿದ್ದರು.

ನನಗೆ ತಿಳಿದದ್ದು ಸೀರೆಯಿಂದ. ಮೊದಲು ಅದು ಆಕೆಯ ಹಿತ್ತಲಲ್ಲಿತ್ತು. ಕೆಲವು ದಿನಕ್ಕೆ ಆಕೆಯ ಮುಂಬಾಗಿಲ ಗೋಡೆಯ ಮೇಲೆ ಬಂತು. ಯಾಕ ಚಿಗವ್ವಾ ಅಂತ ಕೇಳಿದರೆ, "ಹಿತ್ತಲದಾಗ ಹಗ್ಗ ಹರದದ" ಅಂದಳು. ಆಮೇಲೆ ಬೇವಿನಗಿಡದ ಟೊಂಗೆಗೆ ಬಂತು. "ಗ್ವಾಡಿಗೆ ಇರಬಿ ಹತ್ಯಾವ." ಕೊನೆಗೆ ಒಂದು ದಿನ ನಮ್ಮ ಕಟ್ಟೆಯ ಎದುರು, ಎಮ್ಮೆ ಕಟ್ಟುತ್ತಿದ್ದ ಗೂಟಕ್ಕೆ ಬಂದು ಕುಳಿತಿತು. ಅಲ್ಲಿ ಬಿಸಿಲೂ ಬೀಳುತ್ತಿರಲಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ನಮ್ಮ ಅಡುಗೆಮನೆಗೇ ಬಂದುಬಿಡುತ್ತಿತ್ತು.

"ಅತ್ತಿ, ನಾಲ್ಕು ಮನಿ ಆದವು. ಐದನೇದು ಎದ್ರಿಗೇ ಅದಲ್ರೀ," ಅಂದೆ ಒಮ್ಮೆ ಧೈರ್ಯ ಮಾಡಿ.

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಆಕಿ ನನ್ ಜೀವ ಇದ್ದಂಗ. ಆಕಿಗೆ ನನ್ನ ಪಾಲಿನ ರೊಟ್ಟಿ ಕೊಡ್ತೀನಿ. ಇದೊಂದು ಕೇಳಬ್ಯಾಡ" ಅಂದರು. ನನಗೂ ಆ ಹಸಿರು ಬಟ್ಟೆ ಮುಟ್ಟಲು ಭಯವಿತ್ತು.

ಅವ್ವ ಔರಾದಿನಿಂದ ಬಂದು ಕುಬಸ ಮಾಡಿ ಹೋದಳು. ಬಾಣಂತನಕ್ಕೆ ಕರೆದುಕೊಂಡು ಹೋಗಲು ಮತ್ತೆ ಬರುವ ದಿನವೂ ಗೊತ್ತಾಯಿತು. ಕೌದಿ ಮುಗಿಯದೆ ಬಸುರಿ ತವರಿಗೆ ಹೊರಡುವ ಹಾಗಿರಲಿಲ್ಲ. ನಡುವೆ ಒಂದು ಚೌಕ ಖಾಲಿ ಬಿಟ್ಟುಕೊಂಡು ನಾನು ಸುತ್ತಲೂ ಹೊಲಿಯುತ್ತ ಬಂದಿದ್ದೆ. ಅವ್ವ ಬರಲು ಎರಡು ದಿನ ಇರುವಾಗ ಕಂಡಕ್ಟರ ಬಂದು ಚಿಗವ್ವನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದ: "ನಾಳಿ ಮುಂಜಾನಿ ಬಸ್ಸಿಗೆ ಬರ್ಲಿಲ್ಲಂದ್ರ ಇನ್ನ ಬರೋದೇ ಬ್ಯಾಡ ಅಂದಾರ ನೋಡ್ರಿ ನಿಮ್ ಯಜಮಾನ್ರು."

ಚಿಗವ್ವ ಹೂಂ ಅಂದಳು. ಕೋಳಿಗಳನ್ನು ಮಾಸ್ತರರ ಮನೆಗೆ ಕೊಟ್ಟಳು. ಪಾತ್ರೆ ಚೀಲಕ್ಕೆ ತುಂಬಿದಳು. ಗೂಟದ ಮೇಲಿನ ಸೀರೆಯನ್ನು ಮಾತ್ರ ತೆಗೆಯಲಿಲ್ಲ.

ಆ ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದರು. ನಾನು ಹೊಸ್ತಿಲ ಒಳಗೆ ಕೌದಿ ಹರವಿಕೊಂಡು ಕುಳಿತು ಆ ಸೀರೆಯನ್ನೇ ನೋಡುತ್ತಿದ್ದೆ. ಕರುಣೆಯಿಂದ ಎದ್ದೆ ಅಂತ ಬರೆದರೆ ಓದುವವರಿಗೆ ನಾನು ದೊಡ್ಡವಳಾಗಿ ಕಾಣಬಹುದು. ಕರುಣೆ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಮ್ಮೆಗೇ ಅಷ್ಟು ಬೈಯುವ ಬಾಯಿ ನನಗೆ ಬೈದರೆ ಹ್ಯಾಂಗ ಇರುತ್ತದೆ ಅಂತ ಕೇಳುವ ಚಪಲ. ಈ ಓಣಿಯ ಎಲ್ಲರ ಕೈಯಲ್ಲೂ ಬೈಸಿಕೊಂಡು, ಬೈಯುವುದರಲ್ಲಿ ಪಟ್ಟದ ರಾಣಿಯ ಕೈಯಲ್ಲಿ ಬೈಸಿಕೊಳ್ಳದೆ ತವರಿಗೆ ಹೋಗುವುದು ನನಗೆ ಸೋತಂತೆ ಅನ್ನಿಸಿತು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡೆ, "ಹೆದರಬ್ಯಾಡ, ನಾ ಇದ್ದೀನಿ" ಅಂದೆ. ಕೂಸಿಗೆ ಅಂದೆನೋ ನನಗೇ ಅಂದುಕೊಂಡೆನೋ. ಕಟ್ಟೆ ಇಳಿದು, ಗೂಟದಿಂದ ಸೀರೆ ಎಳೆದುಕೊಂಡು, ಆ ಹೊಟ್ಟೆ ಹೊತ್ತುಕೊಂಡು ಓಡಬಹುದಾದಷ್ಟು ಓಡಿ ಒಳಗೆ ಬಂದೆ. ತಡಮಾಡಿದರೆ ಮನಸ್ಸು ಬದಲಾದೀತೆಂದು ಕೂತ ಕೂಡಲೇ ಕತ್ತರಿ ಹಾಕಿ ನಡುವಿನ ಚೌಕಕ್ಕೆ ಸರಿಹೊಂದುವ ತುಂಡು ತೆಗೆದೆ.

ಇನ್ನು ಬೈಗುಳ. ಬಾಗಿಲ ಮರೆಯಲ್ಲಿ ಕುಳಿತು ಕಾದೆ.

ಚಿಗವ್ವ ಹೊರಗೆ ಬಂದಳು. ಗೂಟ ನೋಡಿದಳು. ಗಾಳಿಗೆ ಹಾರಿತೇನೋ ಅಂತ ಗೂಟದ ಸುತ್ತ, ಗೋಡೆಯ ಆಚೆ, ಗಿಡದ ಕೆಳಗೆ ನೋಡಿದಳು. ಆಮೇಲೆ ನಮ್ಮ ಬಾಗಿಲ ಕಡೆ ನೋಡಿದಳು. ನಿಧಾನಕ್ಕೆ ಓಣಿಯ ನಡುವೆ ಬಂದು, ನಲ್ಲಿಗೆ ಬರುವಾಗಿನ ಹಾಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಿ ತೆರೆದಳು.

ಮಾತು ಹೊರಡಲಿಲ್ಲ. ಬಾಯಿ ಮುಚ್ಚಿ ಮತ್ತೆ ತೆರೆದಳು. "ಯಾವಾಕಿ" ಅನ್ನುವಷ್ಟರಲ್ಲಿ ದನಿ ಒಡೆದು ಉಸಿರಷ್ಟೇ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಹಾಗೇ ನಿಂತುಬಿಟ್ಟಳು. ಒಳಗೆ ನನ್ನ ಜೀವ ಬಾಯಿಗೆ ಬಂದಿತ್ತು. ಬೈ ಚಿಗವ್ವಾ, ಒಂದೇ ಒಂದು ಮಾತು ಬೈ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಕಳ್ಳಿ ಬಾಯಿ ಬಿಡುವ ಹಾಗಿಲ್ಲ. ಬೈಯದಿದ್ದರೆ ಕಳುವಲ್ಲ, ಬಟ್ಟೆಗೆ ಕತ್ತರಿ ಬಿದ್ದಾಗಿದೆ, ಮುಂಜಾನೆ ಬಸ್ಸು.

ಅಷ್ಟೊತ್ತಿಗೆ ಅತ್ತೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬಂದರು. ಬರಿಗೂಟ ನೋಡಿದರು. ಓಣಿಯ ನಡುವೆ ನಿಂತ ಚಿಗವ್ವನನ್ನು ನೋಡಿದರು. ಕೊಡ ಇಳಿಸಿ ಒಳಗೆ ಬಂದು ನನ್ನ ತೊಡೆಯ ಮೇಲಿನ ಹಸಿರು ತುಂಡನ್ನು ನೋಡಿದರು.

"ಕತ್ತರ್ಸಿ ಬಿಟ್ಟೀನ್ರಿ, ಅತ್ತಿ," ಅಂದೆ.

ಅವರು ಕುಳಿತು ಆ ತುಂಡನ್ನು ಕೈಗೆ ತೆಗೆದುಕೊಂಡರು. ಅಷ್ಟು ಹೆದರಿದ ಅವರ ಮುಖ ನಾನು ಹೋದ ವರ್ಷದ ಆ ರಾತ್ರಿಯ ಮೇಲೆ ಅವತ್ತೇ ನೋಡಿದ್ದು. ನನ್ನ ಹೊಟ್ಟೆ ನೋಡಿದರು, ಬಟ್ಟೆ ನೋಡಿದರು, ಬಾಗಿಲಾಚೆ ಸೆರಗು ಬಾಯಿಗೊತ್ತಿಕೊಂಡು ನಿಂತ ಗೆಳತಿಯನ್ನು ನೋಡಿದರು. ಬೈದು ಎಸೆಯುತ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಅವರು ತುಂಡನ್ನು ಕೌದಿಯ ನಡುವಿನ ಚೌಕದ ಮೇಲಿಟ್ಟು, ಅಂಗೈಯಿಂದ ಸುಕ್ಕು ತೀಡಿ, ಎದ್ದು ಕಟ್ಟೆಯ ಮೇಲೆ ಹೋಗಿ ನಿಂತರು.

"ನಮ್ಮನ್ಯಾಗ ಕಳ್ಳರಿಲ್ಲ!"

ಓಣಿಯೆಲ್ಲ ಕೇಳುವ ಹಾಗೆ ಕೂಗಿದರು. ಬೈಗುಳವೇ ಇಲ್ಲದೆ ಉತ್ತರ! ಉಳಿದ ಮನೆಗಳ ಬಾಗಿಲು ತೆರೆದವು. ಮಾಸ್ತರರ ಹೆಂಡತಿ ಪದ್ಧತಿಯನ್ನು ನಂಬದಿದ್ದರೂ ಅದರ ಕ್ರಮ ತಪ್ಪಿದ್ದು ಸಹಿಸದೆ, "ಇನ್ನಾ ಯಾರೂ ಬೈದೇ ಇಲ್ಲಲ್ರೀ!" ಅಂದರು.

"ನೀವು ಸುಮ್ಕಿರ್ರಿ," ಅಂದರು ಅತ್ತೆ. ಮತ್ತೆ ಚಿಗವ್ವನ ಕಡೆ ತಿರುಗಿ, ಇನ್ನೂ ಜೋರಾಗಿ, "ನಮ್ಮನ್ಯಾಗ ಕಳ್ಳರಿಲ್ಲಂದ್ರ ಇಲ್ಲ! ಯಾವಾಕಿ ಸೀರಿ ಹೋಗ್ಯಾದೋ ಆಕಿ ಬಾಯಿ ಬಿಟ್ಟು ಹೇಳ್ಲಿ! ಬಾಯಿ ಇಲ್ಲೇನು ಆಕಿಗೆ?"

ಬಾಯಿ ಇಲ್ಲವೇ ಅಂತ ಚಿಗವ್ವನನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಸೆರಗು ಕೆಳಗಿಳಿಯಿತು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ, ಶುರುಮಾಡಿದಳು.

"ಯಾವಾಕಿಯೇ ನನ್ ಹಸರ ಸೀರಿ ಕದ್ದಾಕಿ! ಹೊರಗ ಬಾರೇ! ನೀ ಹಚ್ಚಿದ ಒಲಿ ಮೂರು ದಿನ ಹೊಗೀನೇ ಬಿಡ್ಲಿ! ನೀ ಹಾಕಿದ ಹಪ್ಪಳ ಕಾಗಿ ತಿನ್ಲಿ, ಉಪ್ಪಿನಕಾಯಿ ಬೂಷ್ಟ ಹಿಡೀಲಿ! ನಿನ್ ಗಂಡ ಗೊರಕಿ ಹೊಡೀಲಿ, ನೀ ಕಣ್ ತಕ್ಕೊಂಡು ಮಾಡಿನ ಜಂತಿ ಎಣಸ್ಕೋತ ಬೀಳು! ನೀ ಬಸ್ಸಿಗೆ ಓಡಿದ್ರ ಬಸ್ ಹೋಗ್ಲಿ, ನೀ ನಿಂತ್ರ ಬಸ್ಸೇ ಬರಬಾರ್ದು! ಔರಾದಿನಾಗ ನಿಮ್ಮವ್ವ ಇದನ್ನೇ ಕಲ್ಸಿ ಕಳ್ಸ್ಯಾಳೇನ? ಕದ್ದ ಕೈಗೆ ಬೆಣ್ಣಿ ಹಚ್ಚದಿದ್ರೂ ಸೂಜಿ ಜಾರ್ಲಿ! ನೂರು ವರ್ಷ ಬಾಳಿ..."

"ಏ! ಹರಸಬ್ಯಾಡ, ಬೈ!" ಅತ್ತೆ ಕಟ್ಟೆಯ ಮೇಲಿಂದ ತಿದ್ದಿದರು.

"ಬೈಲತ್ತೀನಿ! ನೂರು ವರ್ಷ ಬಾಳಿ ಸೊಸೀ ಕೈಯಾಗ ಬೈಸ್ಕೊಳ್ಳಲಿ ಅಂತಿದ್ದೆ, ನಡಬರಕ ಬಾಯಿ ಹಾಕಬ್ಯಾಡ!"

ಒಳಗೆ ನಾನು ಒಂದು ಕಣ್ಣಿನಲ್ಲಿ ನಗುತ್ತ, ಒಂದು ಕಣ್ಣಿನಲ್ಲಿ ಅಳುತ್ತ, ಹಸಿರು ತುಂಡಿಗೆ ಸೂಜಿ ಹಾಕಿದೆ. ಬೈಗುಳ ಹೊರಗೆ ಬೀಳುತ್ತಿತ್ತು, ಹೊಲಿಗೆ ಒಳಗೆ ಬೀಳುತ್ತಿತ್ತು. ನನ್ನ ಭಯ ಯಾವ ಬೈಗುಳಕ್ಕೆ ಓಡಿಹೋಯಿತೋ ಗೊತ್ತಿಲ್ಲ, ನಡುವೆ ಒಮ್ಮೆ ಕೂಸು ಜೋರಾಗಿ ಒದ್ದಿತು. ಆ ಕೂಸು ಔರಾದಿನಲ್ಲಿ ಹುಟ್ಟಿ, ಆ ಕೌದಿಯ ಮೇಲೇ ಹೊರಳಾಡಿ ಬೆಳೆದು, ಈಗ ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಓಣಿಯಲ್ಲೇ ಸಂಸಾರ ಹೂಡಿದ್ದಾಳೆ. ಚಿಗವ್ವ ಅವತ್ತು ಬೈದದ್ದನ್ನೆಲ್ಲ ಮಗಳು ನನ್ನಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾಳೆ, ತನ್ನ ಗಂಡನ ಮೇಲೆ ಪ್ರಯೋಗಿಸುತ್ತಾಳೆ. ಗೊರಕೆಯ ಬೈಗುಳ ಮಾತ್ರ ನಿಜವಾಯಿತು, ನಮ್ಮನೆಯವರದು ಇವತ್ತಿಗೂ ಮಾಡು ಹಾರುವಂಥ ಗೊರಕೆ.

ಚಿಗವ್ವ ಹೊತ್ತು ಇಳಿಯುವವರೆಗೂ ಬೈದಳು. ಕೀಲಿ ಬಿದ್ದ ಮನೆಗಳ ಪರವಾಗಿಯೂ ಬೈದಳು, ತನಗಿಂತ ಮೊದಲು ಬೈದವರಿಗೆ ಸರಿಯಾಗಿ ಬೈಯಲು ಬಂದಿಲ್ಲವೆಂದು ಅವರನ್ನೂ ಬೈದಳು. ಮಂದಿ ಕಟ್ಟೆಗಳ ಮೇಲೆ ಕುಳಿತು ಕೇಳಿದರು. ಆ ಬೇಸಿಗೆಯಲ್ಲಿ ಓಣಿಯಲ್ಲಿ ಅಷ್ಟು ನಗು ಕೇಳಿದ್ದು ಅದೊಂದೇ ದಿನ. ಕೊನೆಗೆ ಗಂಟಲು ಕಟ್ಟಿ, ಮಾತು ಗರಗರ ಅನ್ನತೊಡಗಿತು. ಆಕೆ ನಿಲ್ಲಿಸುತ್ತಾಳೆ ಅಂದುಕೊಂಡು ಜನ ಏಳತೊಡಗಿದರು.

ಅತ್ತೆ ಒಳಗೆ ಬಂದು, ಮಧ್ಯಾಹ್ನ ಹೊತ್ತು ತಂದಿದ್ದ ಕೊಡದಿಂದ ತಂಬಿಗೆಯ ಕಂಠದವರೆಗೆ ನೀರು ತುಂಬಿಕೊಂಡರು. ಆ ದಿನಗಳಲ್ಲಿ ಮನೆಗೆ ಬಂದ ಬೀಗರಿಗೂ ಅರ್ಧ ಲೋಟಕ್ಕಿಂತ ಹೆಚ್ಚು ಯಾರೂ ಕೊಡುತ್ತಿರಲಿಲ್ಲ. ಓಣಿಯ ನಡುವೆ ನಡೆದು ಹೋಗಿ ಗೆಳತಿಯ ಕೈಗೆ ಕೊಟ್ಟರು.

"ಕುಡಿ," ಅಂದರು. "ಮುಂಜಾನಿ ಬಸ್ಸಿಗೆ ಇನ್ನಾ ಭಾಳ ಹೊತ್ತದ."

ಚಿಗವ್ವ ನಿಂತಲ್ಲೇ ತಲೆ ಮೇಲೆತ್ತಿ, ಒಂದು ಹನಿ ಚೆಲ್ಲದೆ, ಪೂರ್ತಿ ತಂಬಿಗೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ತಂಬಿಗೆಯನ್ನು ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ಸೊಂಟದ ಸೆರಗು ಮತ್ತೊಮ್ಮೆ ಬಿಗಿ ಮಾಡಿಕೊಂಡು, ನಮ್ಮ ಬಾಗಿಲ ಕಡೆ ತಿರುಗಿ, "ಏ ಕಳ್ಳೀ!" ಅಂದಳು.